ಮೈಯಲ್ಲಿದ್ದೂ ಹರಡದ ಸೋಂಕು

ಎಚ್.ಐ.ವಿ. ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ಮರಣದ ಚಿತ್ರ. ಒಂದು ಕಾಲಕ್ಕೆ ಅದು ನಿರಾಧಾರವಾದ ಭಯವಾಗಿರಲಿಲ್ಲ. 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಈ ವೈರಸ್ಸನ್ನು ಬೇರ್ಪಡಿಸಿ ಗುರುತಿಸಿದರು. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ ಅವರು ಭಾರತದಲ್ಲಿಯೂ ಇದರ ಸೋಂಕಿರುವುದನ್ನು ತೋರಿಸಿಕೊಟ್ಟರು. ಆಗ ವೈದ್ಯರ ಕೈಯಲ್ಲಿ ಇದಕ್ಕೆ ಔಷಧವೆಂಬುದೇ ಇರಲಿಲ್ಲ. ಇಂದು ಸಂಗತಿ ಬೇರೆಯಾಗಿದೆ. ಸೋಂಕನ್ನು ಬೇಗನೆ ಕಂಡುಕೊಂಡು, ದಿನಕ್ಕೊಂದು ಗುಳಿಗೆಯನ್ನು ತಪ್ಪದೆ ಸೇವಿಸುವವರು ಉಳಿದವರಂತೆಯೇ ದೀರ್ಘಕಾಲ ಬಾಳಬಲ್ಲರು. ಅಷ್ಟೇ ಅಲ್ಲ, ಆ ಗುಳಿಗೆಯೇ ಅವರ ಬಾಳಸಂಗಾತಿಗೂ ರಕ್ಷೆಯಾಗಿ ನಿಲ್ಲುತ್ತದೆ. ಈ ಎರಡನೆಯ ವಿಷಯವು ಇನ್ನೂ ಎಲ್ಲರ ಕಿವಿಗೆ ಬಿದ್ದಿಲ್ಲವಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಸಿ.ಡಿ.4 ಎಂಬ ಗುರುತುಳ್ಳ ಒಂದು ಬಗೆಯುಂಟು. ರೋಗಾಣುಗಳು ನುಗ್ಗಿದಾಗ ದೇಹದ ರಕ್ಷಣಾಪಡೆಗೆ ಕರೆಕೊಡುವ ದಳಪತಿಗಳು ಇವು. ಎಚ್.ಐ.ವಿ.ಯು ಈ ಕಣಗಳನ್ನೇ ಆರಿಸಿ ಒಳಹೊಕ್ಕು, ತನ್ನ ವಂಶಲಿಪಿಯನ್ನು ಅವುಗಳ ವಂಶಲಿಪಿಯೊಳಗೆ ಹೆಣೆದುಬಿಡುತ್ತದೆ. ಅನಂತರ ಆ ಕಣವು ವೈರಸ್ಸನ್ನು ತಯಾರಿಸುವ ಕಾರ್ಖಾನೆಯಾಗುತ್ತದೆ. ಇಂದಿನ ಗುಳಿಗೆಯಲ್ಲಿ ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಕೂಡಿರುತ್ತವೆ. ಮೊದಲೆರಡು ವೈರಸ್ಸಿನ ಲಿಪಿಯ ನಕಲನ್ನು ತಡೆಯುತ್ತವೆ. ಮೂರನೆಯದು ಆ ಹೆಣಿಗೆಯನ್ನೇ ತಡೆಯುತ್ತದೆ.

ಹಾಗಾದರೆ ಕೆಲವು ತಿಂಗಳು ಸೇವಿಸಿ ಬಿಟ್ಟರಾಗದೇ ಎಂದು ವಾಚಕರು ಕೇಳಬಹುದು. ಆಗದು. ವೈರಸ್ಸಿನ ಲಿಪಿ ಸೇರಿದ ಕಣಗಳಲ್ಲಿ ಕೆಲವು ಏನನ್ನೂ ತಯಾರಿಸದೆ ವರ್ಷಗಟ್ಟಲೆ ನಿದ್ರಿಸುತ್ತಿರುತ್ತವೆ. ನಿದ್ರಿಸುವ ಕಣವನ್ನು ಔಷಧವು ಮುಟ್ಟಲಾರದು. ಗುಳಿಗೆಯನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಇವುಗಳಿಂದ ಹೊಸ ಪೀಳಿಗೆ ಹೊರಬರುತ್ತದೆ. ಆಗಾಗ ಬಿಟ್ಟು ಬಿಟ್ಟು ಸೇವಿಸುವುದೂ ಒಳ್ಳೆಯದಲ್ಲ. ಈ ವೈರಸ್ಸು ನಕಲು ತೆಗೆಯುವುದರಲ್ಲಿ ಬಹು ಅಜಾಗರೂಕ. ರಕ್ತದಲ್ಲಿ ಔಷಧವು ಅರೆಬರೆಯಾಗಿದ್ದಾಗ, ತಪ್ಪು ನಕಲುಗಳಲ್ಲಿ ಔಷಧಕ್ಕೆ ಜಗ್ಗದ ಯಾವುದೋ ಒಂದು ಉಳಿದು ಬೆಳೆಯುತ್ತದೆ. ಮೈ ಹುಷಾರಾಗಿದೆಯಲ್ಲ ಎಂದು ಗುಳಿಗೆಯನ್ನು ಬಿಡುವವರು ಹುಷಾರಾಗಿರುವುದೇ ಆ ಗುಳಿಗೆಯಿಂದ.

ಇನ್ನು ಹರಡುವ ವಿಚಾರ. ರಕ್ತದಲ್ಲಿ ವೈರಸ್ಸು ಇಳಿದಷ್ಟೂ ಅದು ಇನ್ನೊಬ್ಬರಿಗೆ ತಗಲುವ ಸಂಭವ ಕಡಮೆಯೆಂಬ ಊಹೆ ಮೊದಲಿನಿಂದಲೂ ಇತ್ತು. ಆದರೆ ಊಹೆಯನ್ನು ನಂಬಿ ಗಂಡಹೆಂಡಿರಿಗೆ ಸಲಹೆಕೊಡುವುದು ಹೇಗೆ? ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 1,763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಪರೀಕ್ಷೆಗೆ ಸೇರಿಸಿಕೊಳ್ಳಲಾಯಿತು. ಭಾರತವೂ ಅವುಗಳಲ್ಲಿ ಒಂದು. ಚೀಟಿ ಎತ್ತಿದಂತೆ ಆರಿಸಿ, ಒಂದು ಗುಂಪಿಗೆ ಕೂಡಲೇ ಔಷಧ ಕೊಟ್ಟರು. ಇನ್ನೊಂದಕ್ಕೆ ಅಂದಿನ ವಾಡಿಕೆಯಂತೆ ಸಿ.ಡಿ.4 ಕಣಗಳು ಇಳಿದ ಮೇಲೆ ಕೊಡುವುದೆಂದಿತ್ತು. ಸಂಗಾತಿಗೆ ಸೋಂಕು ತಗಲಿದಲ್ಲೆಲ್ಲ ಇಬ್ಬರ ವೈರಸ್ಸಿನ ಲಿಪಿಯನ್ನೂ ಹೋಲಿಸಿ ನೋಡಿದರು. ಇದು ಅಗತ್ಯವಾಗಿತ್ತು, ಏಕೆಂದರೆ ಸೋಂಕು ಮನೆಯೊಳಗಿನಿಂದಲೇ ಬಂದಿರಬೇಕೆಂಬ ನಿಯಮವೇನೂ ಇಲ್ಲ! 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂಗಾತಿಯಿಂದಲೇ ಬಂದುದೆಂದು ಖಚಿತವಾದ ಸೋಂಕುಗಳು 28. ಅವುಗಳಲ್ಲಿ 27 ತಡವಾಗಿ ಔಷಧ ಪಡೆಯಬೇಕಿದ್ದ ಗುಂಪಿನಲ್ಲಿ, ಕೂಡಲೇ ಪಡೆದ ಗುಂಪಿನಲ್ಲಿ ಒಂದೇ ಒಂದು. ಮುಂದೆ ಯೂರೋಪಿನಲ್ಲಿ, ವೈರಸ್ಸು ಅಳತೆಗೆ ಸಿಗದಷ್ಟು ಇಳಿದಿದ್ದವರ ಜೋಡಿಗಳನ್ನು ನಿರೋಧ್ ಬಳಸದ ಕೂಟಗಳ ಲೆಕ್ಕವಿಟ್ಟು ಹಿಂಬಾಲಿಸಿದರು. 2016ರಲ್ಲಿ ಮತ್ತು 2019ರಲ್ಲಿ ಬಂದ ಎರಡು ವರದಿಗಳಲ್ಲಿಯೂ ಸಂಗಾತಿಯಿಂದ ತಗಲಿದ ಸೋಂಕುಗಳ ಸಂಖ್ಯೆ ಸೊನ್ನೆ.

ಈ ಸೊನ್ನೆಗೆ ಕೆಲವು ಷರತ್ತುಗಳಿವೆ. ಔಷಧ ಆರಂಭಿಸಿ ಆರು ತಿಂಗಳಾದರೂ ಕಳೆದು, ರಕ್ತದ ವೈರಸ್ಸಿನ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಸಿ ನೋಡಿರಬೇಕು. ಅಲ್ಲಿಯವರೆಗೆ ನಿರೋಧ್ ಅತ್ಯವಶ್ಯ. ಇತರ ಲೈಂಗಿಕ ರೋಗಗಳನ್ನು ಗುಳಿಗೆಯು ತಡೆಯದಾದ್ದರಿಂದ ಆಮೇಲೆಯೂ ಅದಕ್ಕೆ ಬೆಲೆಯಿದೆ. ಸೂಜಿಯನ್ನು ಹಂಚಿಕೊಳ್ಳುವವರಿಗೆ ಈ ಭರವಸೆ ಅನ್ವಯಿಸುವುದಿಲ್ಲ. (ತಟ್ಟೆ ಲೋಟಗಳನ್ನು ಬೇರೆಯಿಡುವ ಮನೆಗಳು ಇಂದಿಗೂ ಇವೆ. ಊಟದಿಂದಾಗಲಿ ಸ್ಪರ್ಶದಿಂದಾಗಲಿ ಇದು ಔಷಧವೇ ಇಲ್ಲದ ಕಾಲದಲ್ಲಿಯೂ ಹರಡುತ್ತಿರಲಿಲ್ಲ. ಈ ಮಡಿಯಿಂದ ಪ್ರಯೋಜನ ಯಾರಿಗೆಂಬುದು ನಮಗೆ ತಿಳಿಯದು.)

ಸೋಂಕುಳ್ಳವರು ಹೆಚ್ಚಾಗಿ ಎಚ್ಚರವಹಿಸಬೇಕಾದ ಶತ್ರು ಕ್ಷಯ. ಉಳಿದವರು ಎರಡು ವಾರದ ಕೆಮ್ಮನ್ನು ವೈದ್ಯರಿಗೆ ತೋರಿಸಿದರೆ ಸಾಕು. ಇವರು ಎಷ್ಟೇ ದಿನದ ಕೆಮ್ಮು, ಜ್ವರ, ರಾತ್ರಿ ಬೆವರು ಅಥವಾ ತೂಕ ಇಳಿಯುವಿಕೆಯನ್ನಾಗಲಿ ತೋರಿಸತಕ್ಕದ್ದು. ಕ್ಷಯ ಬಾರದಂತೆ ಮುಂಚಿತವಾಗಿ ಕೊಡುವ ಔಷಧವೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಬಲವನ್ನು ಕುಗ್ಗಿಸುವುದರಿಂದ ಆಗ ಅದನ್ನು ದಿನಕ್ಕೆರಡು ಸಲ ಕೊಡುತ್ತಾರೆ. ಹೊಟ್ಟೆಯುರಿಗೆ ಅಂಗಡಿಯಿಂದ ತರುವ ಮೆಗ್ನೀಸಿಯಂ, ಅಲ್ಯೂಮಿನಿಯಂಗಳ ಆಮ್ಲಶಾಮಕವೂ ಡೊಲುಟೆಗ್ರಾವಿರ್ ಅನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಅದನ್ನು ಸೇವಿಸುವ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ ಗುಳಿಗೆಯನ್ನು ತೆಗೆದುಕೊಳ್ಳಬೇಕು.

ನಮ್ಮ ದೇಶದಲ್ಲಿ 2004ರಿಂದ ಈ ಚಿಕಿತ್ಸೆ ಸರ್ಕಾರದ ಕೇಂದ್ರಗಳಲ್ಲಿ ಉಚಿತ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ಸಿ.ಡಿ.4 ಕಣಗಳು ಎಷ್ಟೇ ಇರಲಿ, ಕೊಡಲಾಗುತ್ತಿದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿನ ಕಾರಣಕ್ಕಾಗಿ ಕೆಲಸದಿಂದ ತೆಗೆಯುವುದನ್ನೂ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನು ನಿಷೇಧಿಸಿದೆ. 1097 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ದೊರೆಯುತ್ತದೆ.

ಸೋಂಕುಳ್ಳ ತಾಯಿಯ ಮಗುವಿನ ಮಾತೊಂದು ಉಳಿಯಿತು. ಚಿಕಿತ್ಸೆಯೇ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಶಿಶುಗಳಿಗೆ ಸೋಂಕು ತಗಲಬಹುದು. ತಾಯಿಯು ಔಷಧ ಸೇವಿಸಿ, ಮಗುವಿಗೂ ಹುಟ್ಟಿದೊಡನೆ ಕೊಟ್ಟರೆ ಇದು ಐದಕ್ಕಿಂತ ಕೆಳಗಿಳಿಯುತ್ತದೆ. ಸಾಮಾನ್ಯ ರಕ್ತಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು. ಅವು ತಾಯಿಯಿಂದಲೇ ಮಗುವಿಗೆ ಇಳಿದು ಬಂದಿರುತ್ತವೆ. ಆದ್ದರಿಂದ ಎಳೆಗೂಸಿನಲ್ಲಿ ಈ ಪರೀಕ್ಷೆ ‘ಇದೆ’ ಎಂದರೂ ಸೋಂಕಿಲ್ಲದಿರಬಹುದು. ಆರು ವಾರಕ್ಕೆ ವೈರಸ್ಸಿನ ಲಿಪಿಯನ್ನೇ ಹುಡುಕುವ ಪರೀಕ್ಷೆ ಮಾಡಿಸಿ, ತಾಯಿಯ ಪ್ರತಿಕಾಯಗಳು ಮಾಯವಾಗಿರುವ 18ನೆಯ ತಿಂಗಳಲ್ಲಿ ಮತ್ತೊಮ್ಮೆ ನೋಡಿ ನಿರ್ಣಯಿಸುತ್ತಾರೆ.