ಏರುದಾರಿಯಲ್ಲಿ ಜೀಪು: ಗೇರು ಮತ್ತು ಟೈರಿನ ಲೆಕ್ಕ

ನಮ್ಮ ಹಾಸನ ಜಿಲ್ಲೆಯಲ್ಲಿ ಎರಡು ಬಗೆಯ ನೆಲವುಂಟು. ಜಿನನಾಥಪುರ, ಚನ್ನರಾಯಪಟ್ಟಣಗಳ ಕಡೆ ಬಯಲುಸೀಮೆ. ಸಕಲೇಶಪುರದಿಂದ ಬಿಸಿಲೆಯವರೆಗೆ ಮಲೆನಾಡು. ಬಯಲಿನಲ್ಲಿ ಯಾವ ವಾಹನವಾದರೂ ಓಡೀತು. ಮಳೆಗಾಲದಲ್ಲಿ ಕಾಫಿತೋಟದ ಕೆಸರುದಾರಿಯನ್ನು ಹತ್ತಲು ಜೀಪಿನಂಥ ಗಾಡಿಯೇ ಬೇಕು. ಆ ಬಲ ಅದಕ್ಕೆ ಎಲ್ಲಿಂದ ಬರುತ್ತದೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅನಂತರ ಇಲ್ಲಿ ಬಹುಕಾಲ ತಯಾರಾದ ಸಿಜೆ 3ಬಿ ಮಾದರಿಯ ಎಂಜಿನ್ನು ಕೇವಲ 2.2 ಲೀಟರಿನದು. ಅದರ ಗುಟ್ಟಿರುವುದು ಹಲ್ಲುಚಕ್ರಗಳಲ್ಲಿ. ಮೊದಲನೆಯ ಗೇರು ಎಂಜಿನ್ನಿನ ತಿರುಗುಬಲವನ್ನು ಸುಮಾರು 2.8 ಪಟ್ಟು ಹೆಚ್ಚಿಸುತ್ತದೆ. ನಾಲ್ಕು ಚಕ್ರಗಳಿಗೂ ಬಲ ಹಂಚುವ ಪೆಟ್ಟಿಗೆಯ ಲೋ ಗೇರು ಅದನ್ನು 2.46 ಪಟ್ಟು, ಅಚ್ಚಿನ ಹಲ್ಲುಚಕ್ರಗಳು ಮತ್ತೆ 5.38 ಪಟ್ಟು ಹೆಚ್ಚಿಸುತ್ತವೆ. ಮೂರನ್ನೂ ಗುಣಿಸಿದರೆ ಸುಮಾರು 37. ಎಂದರೆ ಎಂಜಿನ್ನು 37 ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು ತಿರುಗುವುದು. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಿದು.

ಇನ್ನು ಟೈರಿನ ಮಾತು. ಎತ್ತಿನ ಗಾಡಿಯ ಚಕ್ರ ಎದೆಯೆತ್ತರ ಇರುತ್ತಿದ್ದುದು ಸುಮ್ಮನೆ ಅಲ್ಲ. ಚಕ್ರ ದೊಡ್ಡದಾದಷ್ಟೂ ಕಲ್ಲನ್ನು ಸುಲಭವಾಗಿ ಏರುತ್ತದೆ, ಗುಂಡಿಯಲ್ಲಿ ಕಡಮೆ ಇಳಿಯುತ್ತದೆ. ಇದನ್ನು ಕಂಡೇ ಕೆಲವರು ಜೀಪಿಗೆ ದೊಡ್ಡ ಟೈರು ಹಾಕಿಸುವರು. ಲೆಕ್ಕಕ್ಕಾಗಿ, 28 ಇಂಚು ವ್ಯಾಸದ ಟೈರನ್ನು ತೆಗೆದು 32 ಇಂಚಿನದನ್ನು ಹಾಕಿದರೆಂದು ಇಟ್ಟುಕೊಳ್ಳೋಣ. ಅಚ್ಚು ನೆಲದಿಂದ 2 ಇಂಚು ಮೇಲೇರುತ್ತದೆ, ಇದು ಲಾಭ. ಆದರೆ ನೆಲವನ್ನು ತಳ್ಳುವ ಬಲ ಎಂಟನೆಯ ಒಂದು ಭಾಗದಷ್ಟು ಕುಗ್ಗುತ್ತದೆ. 37ರ ಗೇರು 32ರಂತೆ ಕೆಲಸ ಮಾಡುತ್ತದೆ. ವೇಗಮಾಪಕ 40 ಎಂದು ತೋರಿಸಿದಾಗ ಗಾಡಿ ನಿಜವಾಗಿ 46ರ ಸಮೀಪದಲ್ಲಿ ಓಡುತ್ತಿರುತ್ತದೆ.

ಏರಿನಲ್ಲಿ ಎಂಜಿನ್ನು ನಿಂತರೆ ಮತ್ತೆ ಹೊರಡಿಸಬಹುದು. ಅಪಾಯವಿರುವುದು ಇಳುಕಲಿನಲ್ಲಿ. ಪೆಡಲನ್ನು ಅಷ್ಟೇ ಒತ್ತಿದರೂ ಬ್ರೇಕಿನ ಹಿಡಿತ ಅದೇ ಎಂಟನೆಯ ಒಂದು ಭಾಗ ಕಡಮೆಯಾಗಿರುತ್ತದೆ. ಗೇರಿನಲ್ಲಿರುವ ಎಂಜಿನ್ನು ಗಾಡಿಯನ್ನು ಹಿಡಿದಿಡುವ ಶಕ್ತಿಯೂ ಕುಗ್ಗಿರುತ್ತದೆ. ಹಿಂದೆ ಕುಳಿತ ತೋಟದ ಆಳುಗಳಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಪ್ರಾಣ ಮಾತ್ರ ಅವರದು.

ಅಚ್ಚಿನ 5.38ನ್ನು 6.15ಕ್ಕೆ ಏರಿಸಿದರೆ ಕಳೆದುಕೊಂಡ ಎಳೆತ ಮರಳಿ ಬರುವುದು. ಬ್ರೇಕಿನ ಕೊರತೆ ಆಗಲೂ ಉಳಿಯುವುದು. ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆದಿರುವುದಕ್ಕೆ ಅರ್ಥವಿದೆ. ತಯಾರಕರು ಹೇಳಿದ ಅಳತೆಯಲ್ಲೇ ಆಳವಾದ ಅಚ್ಚುಗಳುಳ್ಳ ಟೈರು ಹಾಕಿ, ಕೆಸರಿನಲ್ಲಿ ಗಾಳಿಯನ್ನು ತುಸು ಇಳಿಸಿ, ಮೊದಲೇ ಲೋ ಗೇರಿಗೆ ಬಂದರೆ ಬಹುಪಾಲು ದಾರಿ ಸಾಗುತ್ತದೆ.

ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಚಾಲಕರ ಹಳೆಯ ಮಾತು. ಅಕ್ಷರ ಕಲಿಯದ ನಮ್ಮ ಹಿರಿಯರೂ ಇಳುಕಲಿನಲ್ಲಿ ಎತ್ತುಗಳನ್ನು ಓಡಗೊಡುತ್ತಿರಲಿಲ್ಲ. ಕಲಿತ ನಾವು ಅದರ ಕಾರಣವನ್ನೂ ಅರಿತರೆ ಕಲಿತದ್ದು ಸಾರ್ಥಕ.