ಡೆಕ್ಕಿನ ಕೆಳಗಿನ ಬಾಣಂತಿ

"ಅಪ್ಪಾ, ಹುಲ್ಲಿನ ಮೇಲೆ ಕಾಲಿಡಬೇಡಿ. ಮೊದಲು ಗುಂಡಿ ನೋಡಬೇಕಂತೆ" ಎಂದಳು ಮಗಳು. ಜುಲೈ ಕೊನೆಯ ವಾರ, ಬೆಳಗಿನ ಏಳು ಗಂಟೆ. ಫ್ರೀಮಾಂಟ್ ಊರಿನ ಬೆನ್ನಿಗಿರುವ ಮಿಷನ್ ಪೀಕ್ ಬೆಟ್ಟದ ನೆತ್ತಿ ಇನ್ನೂ ಮೋಡದೊಳಗಿತ್ತು. ಮನೆಯೆದುರಿನ ಹುಲ್ಲುಹಾಸಿನ ತುಂಬ ರಾತ್ರಿಯೆಲ್ಲ ಯಾರೋ ಕುಳಿತು ಸೌಟಿನಲ್ಲಿ ತೋಡಿದಂಥ ಕುಳಿಗಳು. ಒಂದೊಂದೂ ಮೂರು ನಾಲ್ಕು ಅಂಗುಲ ಅಗಲ, ಕೆಳಕ್ಕೆ ಹೋದಂತೆ ಕಿರಿದು.

ಕಾಡುಪ್ರಾಣಿ ಮನೆ ಹೊಕ್ಕರೆ ಹೊರಗೆ ಕಳಿಸಿಕೊಡುವುದನ್ನೇ ಕಸುಬು ಮಾಡಿಕೊಂಡ ಹೆಂಗಸೊಬ್ಬರು ಬಂದಿದ್ದರು. ಐವತ್ತರ ಆಸುಪಾಸು, ಮೊಣಕಾಲಿಗೆ ದಪ್ಪ ಪಟ್ಟಿ, ಸೊಂಟದಲ್ಲಿ ಟಾರ್ಚು. ಒಂದು ಕುಳಿಯ ಪಕ್ಕ ಮಣ್ಣು ಕೆದಕಿ, ಬೆಳ್ಳಗೆ ಸುರುಳಿ ಸುತ್ತಿಕೊಂಡ ಹುಳುವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಸಾಗರದ ಕಡೆ ಅಡಿಕೆ ತೋಟ ಮಾಡಿದವನಿಗೆ ಅದರ ಪರಿಚಯ ಹೇಳಬೇಕೆ? ಗೊಣ್ಣೆಹುಳು! ನಮ್ಮಲ್ಲಿಯದು ಅಡಿಕೆಯ ಬೇರು ತಿನ್ನುತ್ತದೆ, ಇಲ್ಲಿಯದು ಹುಲ್ಲಿನ ಬೇರು. ಅದನ್ನು ಹುಡುಕಿಕೊಂಡು ಬರುವುದು ಸ್ಕಂಕ್.

ನಮ್ಮ ದೇಶದಲ್ಲಿ ಇಲ್ಲದ ಪ್ರಾಣಿ ಇದು. ಬೆಕ್ಕಿನ ಗಾತ್ರ, ಕಪ್ಪು ಮೈ, ನೆತ್ತಿಯಿಂದ ಹೊರಟು ಬೆನ್ನಿನ ಮೇಲೆ ಎರಡಾಗಿ ಕವಲೊಡೆಯುವ ಬಿಳಿ ಪಟ್ಟೆ, ಚಾಮರದಂಥ ಬಾಲ. ಬಾಲದ ಬುಡದಲ್ಲಿ ಎರಡು ಗ್ರಂಥಿಗಳು. ಅವುಗಳ ರಸವನ್ನು ಹತ್ತು ಅಡಿ ದೂರದವರೆಗೆ ಗುರಿಯಿಟ್ಟು ಚಿಮ್ಮಿಸಬಲ್ಲದು. ಶಾಸ್ತ್ರೀಯ ಹೆಸರು ಮೆಫೈಟಿಸ್ ಮೆಫೈಟಿಸ್. ದುರ್ನಾತ ಎಂಬ ಲ್ಯಾಟಿನ್ ಪದವನ್ನೇ ಎರಡು ಸಲ ಹೇಳಿದ ಹಾಗೆ. ನಮ್ಮ ಪುನುಗು ಬೆಕ್ಕಿನಲ್ಲೂ ಇಂಥ ಗ್ರಂಥಿಯಿದೆ. ಅದರ ತೈಲವನ್ನು ತಿರುಮಲದಲ್ಲಿ ವೆಂಕಟೇಶ್ವರನ ಮೂರ್ತಿಗೆ ಲೇಪಿಸುತ್ತಾರೆ. ಸ್ಕಂಕಿಗೆ ಆ ಭಾಗ್ಯವಿಲ್ಲ.

"ಸಂಜೆ ಸಂಜೆ ನೀರು ಬಿಡುತ್ತೀರಾ?" ಎಂದು ಆಕೆ ಕೇಳಿದರು. ಅಳಿಯ ಹೌದೆಂದು ತಲೆಯಾಡಿಸಿದ. ನೆಲ ಸದಾ ಒದ್ದೆಯಾಗಿದ್ದರೆ ಹುಳು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಕೆದಕುವುದೂ ಸಲೀಸು. ನೀರು ಕಡಿಮೆ ಮಾಡಿ, ಹುಳುವನ್ನು ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಜಂತುಗಳನ್ನು ಮಣ್ಣಿಗೆ ಬಿಡಿ ಎಂದರು. ಊಟ ಇರುವ ತನಕ ಉಣ್ಣುವವರು ಬರುತ್ತಲೇ ಇರುತ್ತಾರೆ ಎಂಬುದು ಅವರ ಲೆಕ್ಕ.

ಮನೆಯ ಬದಿಯ ಓಣಿಗೆ ತಿರುಗಿದೆವು. ಪ್ಲಮ್ ಮರದ ಕೆಳಗೆ ಉದುರಿ ಕೊಳೆತ ಹಣ್ಣು. ಬೇಲಿಯ ಆಚೆ ನೆರೆಮನೆಯವರು ಬೀದಿಬೆಕ್ಕಿಗೆ ಇಡುವ ಬಟ್ಟಲು. ಇವೆರಡಕ್ಕೂ ಆಕೆ ಬೆರಳು ತೋರಿಸಿದರು, ನಿಲ್ಲಲಿಲ್ಲ. ನಿಂತದ್ದು ಗೋಡೆಯ ಬುಡದಲ್ಲಿ. 1960ರ ದಶಕದ ಮನೆ. ಮರದ ನೆಲಹಾಸು ಮಣ್ಣಿನಿಂದ ಎರಡಡಿ ಮೇಲಿದೆ. ನಡುವಿನ ಕತ್ತಲೆಗೆ ಇಲ್ಲಿಯವರು ಕ್ರಾಲ್ ಸ್ಪೇಸ್ ಎನ್ನುತ್ತಾರೆ, ಮನುಷ್ಯ ತೆವಳಿಕೊಂಡೇ ಹೋಗಬೇಕು. ಅದಕ್ಕೆ ಗಾಳಿಯಾಡಲೆಂದು ಅಲ್ಲಲ್ಲಿ ಕಿಂಡಿ, ಕಿಂಡಿಗೆ ಜಾಲರಿ. ಎಂಟು ಕಿಂಡಿಗಳನ್ನೂ ಆಕೆ ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಎರಡರ ಜಾಲರಿ ತುಕ್ಕು ಹಿಡಿದು ಪುಡಿಯಾಗಿ ಉದುರಿತು. ನಾಲ್ಕಂಗುಲದ ಸಂದಿ ಸಿಕ್ಕರೆ ಸ್ಕಂಕ್ ಒಳಗೆ. ಈ ಮನೆಯನ್ನು ಕೊಂಡು ಆರು ವರ್ಷವಾಯಿತು, ಯಾರೂ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಹಿತ್ತಲಿಗೆ ಬಂದೆವು. ಅಡುಗೆಮನೆಯಿಂದ ಹೊರಗೆ ಬಂದರೆ ಮರದ ಡೆಕ್. ಅದರ ಮೂಲೆಯಲ್ಲಿ, ಗುಲಾಬಿ ಗಿಡದ ಹಿಂದೆ, ನುಣ್ಣಗೆ ಸವೆದ ಬಿಲ. ಅಂಚಿನ ಸೀಳಿಗೆ ಸಿಕ್ಕಿಕೊಂಡಿದ್ದ ಎರಡು ಕೂದಲು, ಒಂದು ಕಪ್ಪು, ಒಂದು ಬಿಳಿ.

ಈ ಬಿಲದ ಕಥೆ ಮೇ ತಿಂಗಳಿನದು. ನಾನು ಬಂದು ವಾರವಾಗಿತ್ತು. ರಾತ್ರಿ ಹಲಗೆಯ ಕೆಳಗೆ ಏನೋ ಕುಂಯ್‌ಗುಟ್ಟುತ್ತಿತ್ತು. ಅಂದೂ ಇದೇ ಹೆಂಗಸು ಬಂದರು, ಕಿವಿಗೊಟ್ಟು ಕೇಳಿದರು. "ಮರಿಗಳಿವೆ. ಈಗ ಮುಟ್ಟುವಂತಿಲ್ಲ. ಜುಲೈ ತನಕ ಕಾಯಿರಿ" ಎಂದರು. ಅಳಿಯನಿಗೆ ಸಮಾಧಾನವಾಗಲಿಲ್ಲ. ಬೋನಿಟ್ಟು ಹಿಡಿದು ಬೆಟ್ಟದ ಕಡೆ ಬಿಟ್ಟು ಬರಬಹುದಲ್ಲ ಎಂದ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಬಿಡುವಂತಿಲ್ಲ. ಬೋನಿಗೆ ಬಿದ್ದದ್ದನ್ನು ಅನುಮತಿಯಿಲ್ಲದೆ ಬೇರೆ ಕಡೆ ಒಯ್ಯಬಾರದು. ಅಲ್ಲೇ ಬಿಡಬೇಕು, ಇಲ್ಲವೇ ಕೊಲ್ಲಬೇಕು. ಕೊಂದರೆ ಒಳಗಿನ ಮರಿಗಳ ಗತಿ? ನೆರೆಯವರೊಬ್ಬರು ನುಸಿಗುಳಿಗೆ ಎಸೆಯಿರಿ ಎಂದರು. ಮಣ್ಣಿಗೂ ಮಕ್ಕಳಿಗೂ ವಿಷವಾಗುತ್ತದೆಯೇ ಹೊರತು ಬಯಲಿನಲ್ಲಿ ಕೆಲಸಕ್ಕೆ ಬಾರದು ಎಂದು ಆಕೆ ಅದನ್ನೂ ತಡೆದರು.

ಕಾಯೋಣ ಎಂದು ಹಟ ಹಿಡಿದವನು ನಾನು. ಅದಕ್ಕೆ ಕಾರಣವಿದೆ. ನನಗೆ ಹತ್ತು ವರ್ಷವಿದ್ದಾಗ ನಮ್ಮ ಹೆಂಚಿನ ಮನೆಯ ಅಟ್ಟದಲ್ಲಿ ಪುನುಗು ಬೆಕ್ಕೊಂದು ಮರಿ ಹಾಕಿತ್ತು. ನಾತ, ಸದ್ದು ತಾಳಲಾರದೆ, ತಾಯಿ ಹೊರಗೆ ಹೋದ ರಾತ್ರಿ ಅಪ್ಪ ಸಂದಿಗೆ ಹಲಗೆ ಬಡಿಸಿದರು. ಮರಿಗಳು ಒಳಗಿದ್ದುದು ಯಾರಿಗೂ ಗೊತ್ತಿರಲಿಲ್ಲ. ಮೂರು ರಾತ್ರಿ ಆ ತಾಯಿ ಮಾಡಿನ ಮೇಲೆ ಓಡಾಡಿ ಹೆಂಚು ಕೆರೆಯಿತು. ನಾಲ್ಕನೆಯ ರಾತ್ರಿ ಸದ್ದಿರಲಿಲ್ಲ. ಬಾಣಂತಿಯನ್ನು ಮನೆಯಿಂದ ಎಬ್ಬಿಸಿದ ಪಾಪ ಎಂದು ಅಮ್ಮ ಬಹಳ ದಿನ ಹೇಳುತ್ತಿದ್ದಳು.

ಸ್ಕಂಕ್ ಮರಿ ಹಾಕುವುದು ಮೇ, ಜೂನ್ ಹೊತ್ತಿಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು. ಕಣ್ಣು ಬಿಡಲು ಮೂರು ವಾರ ಬೇಕು. ಆರೆಂಟು ವಾರ ಕಳೆದ ಮೇಲೆ ಹಾಲು ಬಿಟ್ಟು ತಾಯಿಯ ಹಿಂದೆ ನಡೆಯುತ್ತವೆ. ಅದಕ್ಕೂ ಮೊದಲು ಬಿಲ ಮುಚ್ಚಿದರೆ ಒಳಗೆ ಸಾವು, ಹೊರಗೆ ಹುಚ್ಚೆದ್ದ ತಾಯಿ. ಈ ಎರಡು ತಿಂಗಳು ನಾವು ಡೆಕ್ಕಿನ ಬಾಗಿಲು ತೆರೆಯಲಿಲ್ಲ, ನಾಯಿಯನ್ನು ಹಿತ್ತಲಿಗೆ ಬಿಡಲಿಲ್ಲ.

ನಾಯಿ ಒಮ್ಮೆ ಪಾಠ ಕಲಿತಿದೆ. ಗ್ಯಾರೇಜಿನಲ್ಲಿ ಅದರ ಸ್ನಾನದ ಟಬ್ಬು ತೋರಿಸುತ್ತ ಮಗಳು ಹೇಳಿದಳು, ಅದು ಫೆಬ್ರುವರಿಯಲ್ಲಿ ನಡೆದದ್ದು. ಜೋಡಿಯಾಗುವ ಕಾಲ, ಊರಿನ ತುಂಬ ಆ ವಾಸನೆ ಏಳುವುದೂ ಆಗಲೇ. ಸ್ಕಂಕ್ ಮೊದಲು ಮುಂಗಾಲು ನೆಲಕ್ಕೆ ಬಡಿದು, ಬುಸುಗುಟ್ಟಿ, ಬಾಲ ನಿಗುರಿಸಿ ಎಚ್ಚರಿಸುತ್ತದೆ. ಐದಾರು ಸಲಕ್ಕಾಗುವಷ್ಟೇ ರಸ ಅದರ ಬಳಿ. ಮತ್ತೆ ತುಂಬಲು ಹತ್ತು ದಿನದವರೆಗೂ ಬೇಕು, ಹಾಗಾಗಿ ಸುಮ್ಮನೆ ವ್ಯಯ ಮಾಡುವುದಿಲ್ಲ. ನಾಯಿಗೆ ಅದರ ಭಾಷೆ ತಿಳಿಯಲಿಲ್ಲ. ಟೊಮೆಟೊ ರಸದಲ್ಲಿ ತೊಳೆದರು, ವಾಸನೆ ಹಾಗೆಯೇ ಇತ್ತು. ಮೂಗು ಸೋತು, ವಾಸನೆ ಹೋಯಿತೆಂದು ಅನಿಸುವುದಷ್ಟೆ, ನಿಜಕ್ಕೂ ಹೋಗಿರುವುದಿಲ್ಲ.

ಕೆಲಸಕ್ಕೆ ಬಂದದ್ದು ಪಾಲ್ ಕ್ರೆಬಾಮ್ ಎಂಬ ರಸಾಯನಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಪಾಕ. ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರಿಗೆ ತುಸು ಕಡಿಮೆ, ಕಾಲು ಕಪ್ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ದ್ರವ. ಒದ್ದೆ ಮಾಡುವ ಮೊದಲೇ ಮೈಗೆ ತಿಕ್ಕಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಕಣ್ಣಿಗೆ ತಾಗಬಾರದು. ದುರ್ನಾತದ ಗಂಧಕದ ಸಂಯುಕ್ತಗಳು ಆಮ್ಲಜನಕದ ಜೊತೆ ಸೇರಿ ವಾಸನೆಯಿಲ್ಲದ ವಸ್ತುಗಳಾಗುತ್ತವೆ. ಬೆರೆಸಿದ್ದನ್ನು ಆಗಲೇ ಬಳಸಿ ಮುಗಿಸಬೇಕು, ಮುಚ್ಚಿಟ್ಟರೆ ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಸರಿಯಾಗಿ ತೊಳೆಯದ ನಾಯಿ ಮುಂದೆ ಮಳೆಯಲ್ಲಿ ನೆನೆದಾಗ ಮತ್ತೆ ನಾರುವುದುಂಟು. ರಸದ ಕೆಲವು ಅಂಶಗಳು ನೀರು ತಾಗಿದ ಮೇಲೆಯೇ ವಾಸನೆ ಬಿಡುವಂಥವು.

ಒಂದು ಮಾತನ್ನು ಆಕೆ ಗಟ್ಟಿಯಾಗಿ ಹೇಳಿದರು. ಈ ರಾಜ್ಯದಲ್ಲಿ ರೇಬೀಸ್ ಹೆಚ್ಚಾಗಿ ಕಾಣುವುದು ಬಾವಲಿ ಮತ್ತು ಸ್ಕಂಕುಗಳಲ್ಲಿ. ತಾಯಿ ಹಸಿವಿಗೆ ಹಗಲಲ್ಲೂ ಹೊರಬರಬಹುದು, ಅದು ರೋಗವಲ್ಲ. ತೂರಾಡುತ್ತ, ಹೆದರದೆ ಎದುರು ಬಂದರೆ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿ, ಕೌಂಟಿಗೆ ಫೋನ್ ಮಾಡಬೇಕು. ನಾಯಿಗೆ ಲಸಿಕೆ ತಪ್ಪಬಾರದು.

ಸಂಜೆ ಬಿಲದ ಬಾಯಿಗೆ ಮೈದಾ ಹಿಟ್ಟು ಚೆಲ್ಲಿ, ಅಡುಗೆಮನೆಯ ದೀಪ ಆರಿಸಿ ಕಿಟಕಿಯಲ್ಲಿ ಕುಳಿತೆವು. ಒಂಬತ್ತರ ಹೊತ್ತಿಗೆ ಗುಲಾಬಿ ಗಿಡ ಅಲುಗಿತು. ಮೊದಲು ತಾಯಿ. ಅದರ ಹಿಂದೆ ಒಂದು, ಎರಡು... ಐದು. ಬಾಲ ಮೇಲೆತ್ತಿಕೊಂಡು, ಒಂದರ ಹಿಂದೊಂದು, ದೇವರ ಪಲ್ಲಕ್ಕಿಯ ಹಿಂದೆ ಹೊರಟ ಮಕ್ಕಳಂತೆ. ಮಗಳು ನನ್ನ ತೋಳು ಹಿಡಿದಿದ್ದಳು. ಸಾಲು ಬೇಲಿಯ ಅಡಿಯಲ್ಲಿ ಮರೆಯಾದ ಮೇಲೆ ಆಕೆ ಹೋಗಿ ಬಿಲಕ್ಕೆ ತೂಗುಬಾಗಿಲು ಕಟ್ಟಿದರು. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ಇಲ್ಲ. ಒಂದು ಮರಿ ಒಳಗುಳಿದಿದ್ದರೆ ಎಂದು ಮೂರು ರಾತ್ರಿ ಹಾಗೇ ಬಿಟ್ಟೆವು. ಬಾಗಿಲಿನ ಎರಡೂ ಬದಿಗೆ ಹೊಸ ಹಿಟ್ಟು.

ಮೊದಲ ಬೆಳಗ್ಗೆ ಹೊರಗಿನ ಹಿಟ್ಟಿನಲ್ಲಿ ಐದು ಬೆರಳಿನ, ಉದ್ದುಗುರಿನ ಗುರುತುಗಳಿದ್ದವು. ಬಂದು ನೋಡಿ ಹಿಂದಿರುಗಿದ್ದವು. ಒಳಗಿನದು ಕದಡಿರಲಿಲ್ಲ. ನಾಲ್ಕನೆಯ ದಿನ ಎರಡೂ ಕಡೆ ಹಿಟ್ಟು ಹಾಗೇ ಇತ್ತು.

ಅಂದು ಡೆಕ್ಕಿನ ಸುತ್ತ ಒಂದಡಿ ಆಳದ ಕಾಲುವೆ ತೋಡಿದೆವು, ನಾನೂ ಹಾರೆ ಹಿಡಿದೆ. ಅರ್ಧ ಅಂಗುಲ ಕಣ್ಣಿನ ತಂತಿ ಜಾಲರಿ ಇಳಿಸಿ, ಬುಡದಲ್ಲಿ ಅದನ್ನು ಹೊರಕ್ಕೆ ಒಂದಡಿ ಮಡಿಸಿದರು. ಗೋಡೆಗಂಟಿ ತೋಡುವ ಪ್ರಾಣಿಗೆ ಕಾಲಡಿಯಲ್ಲೇ ಜಾಲರಿ ಸಿಗುತ್ತದೆ. ಗಾಳಿಕಿಂಡಿಗಳಿಗೂ ಹೊಸ ಜಾಲರಿ ಬಂತು. ಕೊನೆಗೆ ಉಳಿದದ್ದು ಗುಲಾಬಿ ಗಿಡದ ಹಿಂದಿನ ಮೂಲೆ. ತೂಗುಬಾಗಿಲು ಬಿಚ್ಚಿ, ಮೊಳೆ ಹೊಡೆಯುವ ಮುನ್ನ ಆಕೆ ಇನ್ನೊಮ್ಮೆ ಮಣ್ಣಿಗೆ ಮೊಣಕಾಲೂರಿ, ಹಲಗೆಗೆ ಕಿವಿ ಒತ್ತಿದರು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು.