ಏಳು ಸಲ ಬಿದ್ದು ಎದ್ದವನು

ಅರ್ಜೆಂಟೀನಾದಲ್ಲಿ ಸೆಪ್ಟೆಂಬರ್ 14 ಬಾಕ್ಸರುಗಳ ದಿನ. ಅಂದು ಅಲ್ಲಿನವರು ನೆನೆಯುವುದು 1923ರ ಒಂದು ಸೋಲನ್ನು. ಸೋತವನು ಲೂಯಿಸ್ ಆಂಜೆಲ್ ಫಿರ್ಪೊ. ನಾಲ್ಕು ನಿಮಿಷವೂ ತುಂಬದ ಆ ಕಾಳಗ ಮುಗಿದು ನೂರು ವರ್ಷ ದಾಟಿದರೂ ಅದರ ಬಿಸಿ ಆರಿಲ್ಲ.

ಫಿರ್ಪೊ ಹುಟ್ಟಿದ್ದು 1894ರಲ್ಲಿ, ಬ್ಯೂನಸ್ ಐರಿಸ್ ಪ್ರಾಂತ್ಯದ ಹುನಿನ್ ಎಂಬ ಊರಿನಲ್ಲಿ. ರಾಜಧಾನಿಯಲ್ಲಿ ಆಗ ಬಾಕ್ಸಿಂಗ್ ಪಂದ್ಯಗಳಿಗೆ ನಿಷೇಧವಿತ್ತು. ಒಳ್ಳೆಯ ಗುರುವಿನ ಕೈಕೆಳಗೆ ಪಳಗುವ ಭಾಗ್ಯ ಅವನಿಗೆ ಸಿಗಲಿಲ್ಲ. ಚಿಲಿಯಂಥ ನೆರೆದೇಶಗಳ ರಿಂಗುಗಳಲ್ಲಿ ಪೆಟ್ಟು ತಿನ್ನುತ್ತಲೇ ಕಲಿತ. ಕಾಲಿನ ನಡೆ ಒರಟು, ಎಡಗೈ ಇದ್ದೂ ಇಲ್ಲದ ಹಾಗೆ. ಆದರೆ ಬಲಗೈ? ಒಗೆಯುವ ಕಲ್ಲಿಗೆ ಒದ್ದೆ ಬಟ್ಟೆ ಬೀಸಿ ಬಡಿದ ಹಾಗೆ ಮೇಲಿನಿಂದ ಬಂದು ಬೀಳುತ್ತಿತ್ತು. ಹುಲ್ಲುಗಾವಲಿನ ನಾಡಿನಿಂದ ಬಂದ ಇವನಿಗೆ ಅಮೆರಿಕದ ಪತ್ರಿಕೆಗಳು ‘ಪಾಂಪಾಸಿನ ಕಾಡುಹೋರಿ’ ಎಂದೇ ಹೆಸರಿಟ್ಟವು.

1923ರ ಮಾರ್ಚಿನಲ್ಲಿ ಬಿಲ್ ಬ್ರೆನನ್‌ನನ್ನು, ಜುಲೈನಲ್ಲಿ ಮಾಜಿ ವಿಶ್ವ ಚಾಂಪಿಯನ್ ಜೆಸ್ ವಿಲ್ಲರ್ಡ್‌ನನ್ನು ಆ ಬಲಗೈ ಮಲಗಿಸಿತು. ಮುಂದಿನದು ಹೆವಿವೇಟ್ ಕಿರೀಟ. ಅದಕ್ಕಾಗಿ ಸೆಣಸಿದ ಮೊದಲ ಲ್ಯಾಟಿನ್ ಅಮೆರಿಕನ್ ಫಿರ್ಪೊ. ಎದುರಾಳಿ ಜಾಕ್ ಡೆಂಪ್ಸಿ, ಆ ಕಾಲದ ಅತಿ ಭಯಂಕರ ಹೊಡೆತಗಾರ.

ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಸುಮಾರು 80,000 ಜನ ಸೇರಿದ್ದರು. ಆ ಪಂದ್ಯದ ಹಳೆಯ ಚಿತ್ರೀಕರಣ ಉಳಿದಿದೆ. ನೋಡುತ್ತ ಕೂತರೆ ಇಂದಿಗೂ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ. ಗಂಟೆ ಬಾರಿಸಿದ್ದೇ ತಡ, ಫಿರ್ಪೊನ ಬಲಗೈಗೆ ಡೆಂಪ್ಸಿ ತತ್ತರಿಸಿ ಕುಸಿಯುತ್ತಾನೆ. ಸಾವರಿಸಿಕೊಂಡವನೇ ಮೈಮೇಲೆ ಎರಗುತ್ತಾನೆ. ಫಿರ್ಪೊ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಬಿದ್ದವನ ಪಕ್ಕದಲ್ಲೇ ಡೆಂಪ್ಸಿ ಕಾದು ನಿಂತಿರುತ್ತಾನೆ. ನೆಲಕ್ಕೆ ಕೈಯೂರಿ ಎದ್ದು ಮೊಣಕಾಲು ನೆಟ್ಟಗಾಗುವ ಮೊದಲೇ ಮುಂದಿನ ಗುದ್ದು. ಒಂದೇ ರೌಂಡಿನಲ್ಲಿ ಹೀಗೆ ಏಳು ಸಲ! ನಮ್ಮ ಭಾಷೆಯಲ್ಲಿ ‘ಏಳು’ ಎಂದರೆ ಲೆಕ್ಕವೂ ಹೌದು, ಮೇಲೇಳು ಎಂಬ ಕರೆಯೂ ಹೌದು. ಆ ಮೂರು ನಿಮಿಷಗಳಲ್ಲಿ ಫಿರ್ಪೊ ಎರಡೂ ಅರ್ಥಗಳನ್ನು ಬದುಕಿದ.

ಅಷ್ಟು ತಿಂದವನು ಇನ್ನು ಮುಗಿದ ಎನ್ನುವಾಗಲೇ ಅವನು ಡೆಂಪ್ಸಿಯನ್ನು ಹಗ್ಗಕ್ಕೆ ಒತ್ತಿಕೊಂಡು ಹೋಗಿ ಬಲಗೈ ಬೀಸಿದ. ವಿಶ್ವ ಚಾಂಪಿಯನ್ ಹಗ್ಗಗಳ ನಡುವೆ ತೂರಿ ಕಾಲು ಮೇಲಾಗಿ ಪತ್ರಕರ್ತರ ಟೈಪ್‌ರೈಟರುಗಳ ಮೇಲೆ ಬಿದ್ದ. ಅಲ್ಲಿದ್ದವರು ಎತ್ತಿ ಒಳಗೆ ತಳ್ಳಿದರು. ಎರಡನೇ ರೌಂಡಿನ 57ನೇ ಸೆಕೆಂಡಿಗೆ ಫಿರ್ಪೊ ನಾಕೌಟಾದ. ನಿಯಮದ ಪ್ರಕಾರ ಯಾರ ನೆರವೂ ಇಲ್ಲದೆ ಡೆಂಪ್ಸಿ ಹಿಂತಿರುಗಬೇಕಿತ್ತು, ಆ ಪಂದ್ಯ ನಮ್ಮದೇ ಎಂದು ಅರ್ಜೆಂಟೀನಾದವರು ಇಂದಿಗೂ ವಾದಿಸುತ್ತಾರೆ.

ರಿಂಗಿನ ಪಕ್ಕದಲ್ಲಿದ್ದ ಚಿತ್ರಕಾರ ಜಾರ್ಜ್ ಬೆಲೋಸ್ ಆ ಗಳಿಗೆಯನ್ನು 1924ರಲ್ಲಿ ಚಿತ್ರಿಸಿದ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರದಲ್ಲಿ ಎದ್ದು ನಿಂತಿರುವವನು ಫಿರ್ಪೊ, ಬೀಳುತ್ತಿರುವವನು ಗೆದ್ದ ಡೆಂಪ್ಸಿ. ಬಿದ್ದವನ ಪಕ್ಕದಲ್ಲೇ ನಿಂತು ಹೊಡೆಯುವುದಕ್ಕೂ ಮುಂದೆ ಕಡಿವಾಣ ಬಿತ್ತು: ಕೆಡವಿದವನು ದೂರದ ಮೂಲೆಗೆ ಹೋಗಬೇಕು, ಆಮೇಲೆಯೇ ಎಣಿಕೆ. 1927ರಲ್ಲಿ ಜೀನ್ ಟನಿಯನ್ನು ಕೆಡವಿದ ಡೆಂಪ್ಸಿ ಹಳೆಯ ಚಾಳಿಯಂತೆ ಅಲ್ಲೇ ನಿಂತ. ಎಣಿಕೆ ತಡವಾಯಿತು. ಸಮಯ ಸಿಕ್ಕ ಟನಿ ಎದ್ದು ಪಂದ್ಯವನ್ನೇ ಗೆದ್ದ. ಬಿದ್ದವನಿಗೆ ಎದ್ದು ನಿಲ್ಲುವಷ್ಟು ಅವಕಾಶ ಕೊಡುವ ಈ ನಿಯಮ ಫಿರ್ಪೊನ ಪಾಲಿಗೆ ಅಂದು ಇರಲಿಲ್ಲ.

ಮುಂದೆ ಅವನು ಮೋಟಾರು ಮಾರಿದ, ದನಕರು ಸಾಕಿದ, ಶ್ರೀಮಂತನಾಗಿ ಬಾಳಿದ. 1960ರಲ್ಲಿ ತೀರಿಕೊಂಡ. ಎಲ್ ಸಾಲ್ವಡಾರ್‌ನ ಉಸುಲುತಾನ್ ಪಟ್ಟಣದ ಫುಟ್‌ಬಾಲ್ ಕ್ಲಬ್ಬೊಂದು ಇಂದಿಗೂ ಅವನ ಹೆಸರಿನಲ್ಲೇ ಆಡುತ್ತದೆ. ಬ್ಯೂನಸ್ ಐರಿಸ್‌ನ ರೆಕೊಲೆತಾ ಸ್ಮಶಾನದಲ್ಲಿ, ಅಧ್ಯಕ್ಷರು, ಸೇನಾನಿಗಳ ಗೋರಿಗಳ ನಡುವೆ, ಬಾಕ್ಸರನ ಉಡುಪಿನ ಅವನ ಪ್ರತಿಮೆಯಿದೆ. ಜೀವನದಲ್ಲಿ ಅಷ್ಟು ಸಲ ನೆಲ ಕಂಡವನನ್ನು ಅವನ ಜನ ಅಲ್ಲಿ ನಿಲ್ಲಿಸಿಯೇ ಇಟ್ಟಿದ್ದಾರೆ.